ಆಳೋ, ಜೊತೆಗಾರನೋ? ಹಸಿರು ಮನುಷ್ಯನ ಕಥೆಗಳ ಚರಿತ್ರೆ



ನಿಮ್ಮ ಮನೆಯ ಮಸಾಲೆ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಚಕ್ಕೆ, ಲವಂಗ, ಮರಾಠಿ ಮೊಗ್ಗುಗಳ ನಡುವೆ ಒಣಗಿದ ಎಲೆಯ ಚೂರಿನಂತಹ ಹಗುರವಾದ ಒಂದು ವಸ್ತು ಸಿಗಬಹುದು. ಅದರ ಒಂದು ಬದಿ ಬೂದು, ಇನ್ನೊಂದು ಬದಿ ಕಪ್ಪು. ಅದೇ ಕಲ್ಲುಹೂವು. ಬಂಡೆಗಳ ಮೇಲೆ, ಮರದ ತೊಗಟೆಯ ಮೇಲೆ ಬೆಳೆಯುವ ಇದು ಹೆಸರಿಗೆ ಹೂವು, ನೋಡುವುದಕ್ಕೆ ಎಲೆ. ನಿಜದಲ್ಲಿ ಹೂವೂ ಅಲ್ಲ, ಎಲೆಯೂ ಅಲ್ಲ. ಇದರಲ್ಲಿ ಎರಡು ಜೀವಿಗಳಿವೆ. ಒಂದು, ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರ. ಇನ್ನೊಂದು, ಆ ಶಿಲೀಂಧ್ರದ ಎಳೆಗಳ ನಡುವೆ ಸಿಕ್ಕಿಕೊಂಡಂತೆ ಕುಳಿತಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಪಾಚಿ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ. ಶಿಲೀಂಧ್ರ ನೀರು, ನೆರಳು, ಲವಣಗಳನ್ನು ಒದಗಿಸುತ್ತದೆ.

ಮನುಷ್ಯ ಗಿಡದೊಡನೆ ಒಂದಾಗಿ ಬದುಕುವ ವಿಜ್ಞಾನ ಕಥೆಗಳ ಚರಿತ್ರೆಯನ್ನು ಹೇಳಹೊರಟವರು ಈ ಕಲ್ಲುಹೂವಿನಿಂದಲೇ ಆರಂಭಿಸಬೇಕು. ಹಸಿರು ಚರ್ಮದ ಸೈನಿಕ, ತಲೆಯ ಮೇಲೆ ಅಣಬೆ ಹೊತ್ತ ಹುಡುಗ, ಪ್ರಜೆಯ ಹಕ್ಕು ಪಡೆದ ಬಿದಿರು ಮೊದಲಾದ ಪಾತ್ರಗಳು ಕಥೆಗಾರರ ಕಲ್ಪನೆಯಲ್ಲಿ ಹುಟ್ಟಿದವು ನಿಜ. ಆದರೆ ಅವುಗಳ ಹಿಂದೆ ಸಸ್ಯವಿಜ್ಞಾನಿಗಳ ನಡುವೆ ನಡೆದ ಒಂದು ದೊಡ್ಡ ವಾದವಿದೆ. ಎರಡು ಜೀವಿಗಳು ಕೂಡಿ ಬಾಳುವಾಗ ಅವುಗಳ ಸಂಬಂಧ ಯಾವುದು? ಒಡೆಯ ಮತ್ತು ಆಳಿನದೋ? ಇಬ್ಬರು ಜೊತೆಗಾರರದೋ? ಈ ಲೇಖನದ ಉದ್ದಕ್ಕೂ ಇದೊಂದು ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳಿ.

ಒಡೆಯನೂ ಹಸಿರು ಆಳುಗಳೂ

ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಕಲ್ಲುಹೂವನ್ನು ಒಂದೇ ಸಸ್ಯವೆಂದು ಎಲ್ಲರೂ ನಂಬಿದ್ದರು. ಸ್ವಿಟ್ಜರ್ಲೆಂಡಿನ ಸಿಮೋನ್ ಶ್ವೆಂಡೆನರ್ 1867ರಲ್ಲಿ ಅದು ಎರಡು ಜೀವಿಗಳ ಕೂಟವೆಂದು ಸಾರಿದರು. 1869ರಲ್ಲಿ ಅದನ್ನು ವಿವರಿಸುವಾಗ ಅವರು ಬಳಸಿದ ಹೋಲಿಕೆ ಕುತೂಹಲಕರವಾಗಿದೆ. ಶಿಲೀಂಧ್ರವೇ ಒಡೆಯ. ಹಸಿರು ಪಾಚಿಗಳು ಅವನು ಹಿಡಿದು ತಂದು ದುಡಿಸಿಕೊಳ್ಳುವ ಗುಲಾಮರು. ಜೇಡ ನೊಣವನ್ನು ಬಲೆಯಲ್ಲಿ ಸುತ್ತುವಂತೆ ಶಿಲೀಂಧ್ರ ಪಾಚಿಯನ್ನು ಸುತ್ತುತ್ತದೆ. ವ್ಯತ್ಯಾಸವಿಷ್ಟೇ: ಜೇಡ ನೊಣವನ್ನು ಕೊಲ್ಲುತ್ತದೆ, ಶಿಲೀಂಧ್ರ ಪಾಚಿಯನ್ನು ಬದುಕಿಸಿಟ್ಟುಕೊಂಡು ದುಡಿಸುತ್ತದೆ.

ಕಲ್ಲುಹೂವಿನ ತಜ್ಞರಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ತಾವು ಜೀವಮಾನವಿಡೀ ಅಭ್ಯಾಸ ಮಾಡಿದ ಸುಂದರ ಸಸ್ಯಗಳು ಒಬ್ಬ ದರೋಡೆಕಾರ ಮತ್ತು ಅವನ ಸೆರೆಯಾಳುಗಳೆಂದರೆ ಯಾರಿಗೆ ತಾನೆ ಹಿಡಿಸೀತು?

ಆಗ ಬಂದವರು ಜರ್ಮನಿಯ ಆಂಟನ್ ಡಿ ಬಾರಿ. ಆಲೂಗೆಡ್ಡೆಯ ಅಂಗಮಾರಿ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅಭ್ಯಾಸ ಮಾಡಿದ್ದ ಅವರಿಗೆ ಒಂದು ಜೀವಿ ಇನ್ನೊಂದನ್ನು ಹೇಗೆ ತಿಂದುಹಾಕುತ್ತದೆಂಬುದು ಚೆನ್ನಾಗಿ ಗೊತ್ತಿತ್ತು. ಆದರೆ ಎಲ್ಲ ಕೂಡುಬಾಳೂ ರೋಗವಲ್ಲ ಎಂಬುದೂ ಅವರಿಗೆ ಗೊತ್ತಿತ್ತು. 1878ರಲ್ಲಿ ಕಾಸೆಲ್ ನಗರದ ಸಮ್ಮೇಳನವೊಂದರಲ್ಲಿ ಅವರು 'ಸಿಂಬಯೋಸಿಸ್' ಎಂಬ ಪದವನ್ನು ಮುಂದಿಟ್ಟರು. ನಾವು ಪಠ್ಯಪುಸ್ತಕಗಳಲ್ಲಿ 'ಸಹಜೀವನ' ಎಂದು ಓದುವುದು ಇದನ್ನೇ. ಬೇರೆ ಬೇರೆ ಜಾತಿಯ ಜೀವಿಗಳು ಕೂಡಿ ಬಾಳುವುದೆಲ್ಲವೂ ಸಹಜೀವನವೆಂಬುದು ಅವರ ಅಭಿಪ್ರಾಯ. ಮಾವಿನ ಮರದ ರಸ ಹೀರುವ ಬದನಿಕೆಯಂತಹ ಪರಾವಲಂಬನೆಯೂ ಅದರೊಳಗೇ ಬರುತ್ತದೆ, ಇಬ್ಬರಿಗೂ ಲಾಭವಾಗುವ ಹೊಂದಾಣಿಕೆಯೂ ಬರುತ್ತದೆ. ಹೀಗೆ 'ಸಹಜೀವನ' ಎಂಬ ಪದ ಹುಟ್ಟಿದಾಗ ಅದರಲ್ಲಿ ಸ್ನೇಹದ ಭರವಸೆಯೇನೂ ಇರಲಿಲ್ಲ. ವಿಜ್ಞಾನ ಕಥೆಗಾರರಿಗೆ ದೊಡ್ಡ ಬಂಡವಾಳವಾದದ್ದು ಈ ಅನಿಶ್ಚಿತತೆಯೇ.

ಮೊದಲು ಬಂದದ್ದು ಭಯ

ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಗ್ರಂಥ ಬರೆದರು. ಗಿಡವೂ ಬೇಟೆಯಾಡಬಲ್ಲದೆಂಬುದು ಓದುಗರಿಗೆ ಮೈ ಜುಮ್ಮೆನ್ನಿಸುವ ಸಂಗತಿಯಾಗಿತ್ತು. ನರಭಕ್ಷಕ ಮರಗಳ ಕಟ್ಟುಕಥೆಗಳೂ ಆ ಕಾಲದ ಪತ್ರಿಕೆಗಳಲ್ಲಿ ಬರುತ್ತಿದ್ದವು.

ಎಚ್. ಜಿ. ವೆಲ್ಸ್ ವಿಜ್ಞಾನ ಓದಿದವರು. ಡಾರ್ವಿನ್ನರ ಗೆಳೆಯ ಟಿ. ಎಚ್. ಹಕ್ಸ್ಲಿಯವರ ಬಳಿ ಜೀವಶಾಸ್ತ್ರ ಕಲಿತವರು. ಅವರು 1894ರಲ್ಲಿ ಬರೆದ ಒಂದು ಸಣ್ಣಕಥೆಯಲ್ಲಿ ಸಂಕೋಚದ ಸ್ವಭಾವದ ಒಬ್ಬ ಇಂಗ್ಲಿಷ್ ಸದ್ಗೃಹಸ್ಥ ಹರಾಜಿನಲ್ಲಿ ಅಪರಿಚಿತ ಆರ್ಕಿಡ್ ಗಡ್ಡೆಯೊಂದನ್ನು ಕೊಂಡು ತರುತ್ತಾನೆ. ಗಾಜಿನ ಮನೆಯಲ್ಲಿ ಅದು ಅರಳಿದ ದಿನ ಅದರ ಪರಿಮಳಕ್ಕೆ ಅವನು ಪ್ರಜ್ಞೆ ತಪ್ಪಿ ಬೀಳುತ್ತಾನೆ. ಗಾಳಿಯಲ್ಲಿ ಜೋತಾಡುವ ಅದರ ಬೇರುಗಳು ಜಿಗಣೆಗಳಂತೆ ಅವನ ಕುತ್ತಿಗೆಗೆ ಅಂಟಿ ರಕ್ತ ಹೀರುತ್ತವೆ. ಮನೆ ನೋಡಿಕೊಳ್ಳುವ ಬಂಧು ಮಹಿಳೆಯೊಬ್ಬಳು ಧೈರ್ಯ ಮಾಡಿ ಅವನನ್ನು ಹೊರಗೆಳೆದು ಬದುಕಿಸುತ್ತಾಳೆ.

ಈ ಕಥೆ ಬಂದ ಐದು ವರ್ಷಗಳ ಮೇಲೆ, 1899ರಲ್ಲಿ, ಫ್ರಾನ್ಸಿನ ಯುವ ವಿಜ್ಞಾನಿ ನೋಯೆಲ್ ಬರ್ನಾರ್ ಆರ್ಕಿಡ್‌ಗಳ ಬಗ್ಗೆ ನಿಜವಾದ ಗುಟ್ಟೊಂದನ್ನು ಕಂಡುಹಿಡಿದರು. ಆರ್ಕಿಡ್ ಬೀಜ ಧೂಳಿನ ಕಣದಷ್ಟು ಸಣ್ಣದು. ಅದರಲ್ಲಿ ಮೊಳಕೆಗೆ ಬೇಕಾದ ಆಹಾರದ ಬುತ್ತಿ ಇರುವುದಿಲ್ಲ. ಮಣ್ಣಿನಲ್ಲಿರುವ ಒಂದು ಶಿಲೀಂಧ್ರ ಒಳಹೊಕ್ಕು ಉಣಿಸಿದರೆ ಮಾತ್ರ ಅದು ಬೆಳೆಯುತ್ತದೆ. ರಕ್ತ ಹೀರುವ ರಾಕ್ಷಸನೆಂದು ಕಥೆಗಾರ ಬಣ್ಣಿಸಿದ ಗಿಡ ಹುಟ್ಟುವಾಗಲೇ ಬೇರೊಂದು ಜೀವಿಯ ನೆರವು ಬೇಡುವ ಬಡಪಾಯಿಯಾಗಿತ್ತು.

ಹಸಿವಿಲ್ಲದ ಲೋಕದ ಕನಸು

ಅದೇ ಕಾಲದಲ್ಲಿ ರಷ್ಯಾದಲ್ಲಿ ಬೇರೆಯೇ ಒಂದು ಕನಸು ಹುಟ್ಟುತ್ತಿತ್ತು. ಅದನ್ನು ಕಂಡ ಇಬ್ಬರ ಹೆಸರೂ ಕಾನ್‌ಸ್ಟಾಂಟಿನ್.

ಮೊದಲನೆಯವರು ಕಾನ್‌ಸ್ಟಾಂಟಿನ್ ಸಿಯೋಲ್ಕೋವ್‌ಸ್ಕಿ. ರಾಕೆಟ್ ವಿಜ್ಞಾನದ ಪಿತಾಮಹರೆಂದು ಇವರನ್ನು ನೀವು ಬಲ್ಲಿರಿ. ಬಾಲ್ಯದಲ್ಲೇ ಜ್ವರದಿಂದ ಕಿವಿ ಮಂದವಾಗಿದ್ದ ಈ ಶಾಲಾ ಮಾಸ್ತರರು 1895ರಲ್ಲಿ ಭೂಮಿ ಮತ್ತು ಆಕಾಶದ ಕನಸುಗಳ ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿ ಕ್ಷುದ್ರಗ್ರಹಗಳ ಮೇಲೆ ವಾಸಿಸುವ ವಿಚಿತ್ರ ಜೀವಿಗಳು ಬರುತ್ತವೆ. ಅವುಗಳ ಮೈಗೆ ಹಸಿರು ರೆಕ್ಕೆಗಳಂತಹ ಅಂಗಗಳಿವೆ. ಆ ರೆಕ್ಕೆಗಳಲ್ಲಿರುವ ಪತ್ರಹರಿತ್ತು ಬಿಸಿಲಿನಿಂದಲೇ ಆಹಾರ ತಯಾರಿಸುತ್ತದೆ. ಅವು ಊಟ ಮಾಡುವುದಿಲ್ಲ, ಯಾರನ್ನೂ ಕೊಲ್ಲುವುದಿಲ್ಲ. ಅರ್ಧ ಪ್ರಾಣಿ, ಅರ್ಧ ಸಸ್ಯವಾದ ಈ ಜೀವಿಗಳಲ್ಲಿ ಸಿಯೋಲ್ಕೋವ್‌ಸ್ಕಿ ಹಸಿವಿನಿಂದಲೂ ಹಿಂಸೆಯಿಂದಲೂ ಬಿಡುಗಡೆ ಪಡೆದ ಬಾಳನ್ನು ಕಂಡರು.

ಎರಡನೆಯವರು ಕಾನ್‌ಸ್ಟಾಂಟಿನ್ ಮೆರೆಷ್ಕೋವ್‌ಸ್ಕಿ, ಕಜಾನ್ ನಗರದ ಸಸ್ಯವಿಜ್ಞಾನಿ. 1905ರಲ್ಲಿ ಅವರು ಒಂದು ಅದ್ಭುತ ವಿಚಾರವನ್ನು ಮಂಡಿಸಿದರು. ಎಲೆಗೆ ಹಸಿರು ಬಣ್ಣ ಕೊಡುವ ಕಣಗಳು ಗಿಡದ ಸ್ವಂತ ಅಂಗಗಳಲ್ಲ. ಅವು ಬಹಳ ಹಿಂದೆ ಹೊರಗಿನಿಂದ ಬಂದು ಸೇರಿಕೊಂಡ ಸೂಕ್ಷ್ಮಜೀವಿಗಳ ಸಂತತಿ. ಅಂದರೆ ಪ್ರತಿಯೊಂದು ಗಿಡವೂ ಒಂದು ಕಲ್ಲುಹೂವಿನಂತೆಯೇ ಕೂಡುಕುಟುಂಬ.

ಇದನ್ನು ವಿವರಿಸಲು ಅವರು ಒಂದು ಚಿತ್ರ ಬರೆದರು. ನೀರಿನ ಊಟೆಯ ಪಕ್ಕ ಒಂದು ತಾಳೆ ಮರ ನಿಶ್ಚಿಂತೆಯಿಂದ ನಿಂತಿದೆ. ಪಕ್ಕದ ಪೊದೆಯಲ್ಲಿ ಒಂದು ಸಿಂಹ ಸ್ನಾಯುಗಳನ್ನು ಬಿಗಿಹಿಡಿದು ಜಿಂಕೆಗಾಗಿ ಹೊಂಚು ಹಾಕಿದೆ. ತಾಳೆಯ ಶಾಂತಿಗೂ ಸಿಂಹದ ಕ್ರೌರ್ಯಕ್ಕೂ ಕಾರಣವೇನು? ತಾಳೆಯ ಒಳಗೆ ಲೆಕ್ಕವಿಲ್ಲದಷ್ಟು ಹಸಿರು ಆಳುಗಳು ದುಡಿದು ಅದನ್ನು ಸಾಕುತ್ತಿವೆ. ಸಿಂಹಕ್ಕೆ ಅಂತಹ ಆಳುಗಳಿಲ್ಲ. ಸಿಂಹದ ಜೀವಕೋಶಗಳಲ್ಲೂ ಅವನ್ನು ತುಂಬಿದರೆ ಅದು ತಾಳೆಯ ಪಕ್ಕದಲ್ಲೇ ತೃಪ್ತಿಯಿಂದ ಮಲಗೀತು.

ಎಷ್ಟು ಸುಂದರವಾದ ಕಲ್ಪನೆ! ಆದರೆ ಇಲ್ಲಿಯೂ ಬಂದಿರುವುದು ಆಳೆಂಬ ಪದವೇ. ಮೆರೆಷ್ಕೋವ್‌ಸ್ಕಿ 1903ರಲ್ಲಿ ಇಪ್ಪತ್ತೇಳನೆಯ ಶತಮಾನದ ಸ್ವರ್ಗಸಮಾನ ಸಮಾಜವೊಂದನ್ನು ಕುರಿತು ಕಾದಂಬರಿಯನ್ನೂ ಬರೆದಿದ್ದರು. ಅದರಲ್ಲಿ ಸುಂದರ ಮನುಷ್ಯರು ಮಕ್ಕಳಂತೆ ಆಡಿಕೊಂಡು ಸುಖವಾಗಿರುತ್ತಾರೆ. ಅವರಿಗಾಗಿ ದುಡಿಯುವುದಕ್ಕೆಂದೇ ಇನ್ನೊಂದು ಮಾನವ ವರ್ಗವನ್ನು ಗುಲಾಮರನ್ನಾಗಿ ಇಡಲಾಗಿದೆ! ಜೀವಕೋಶದಲ್ಲಿ ಆಳನ್ನು ಕಂಡವರು ಸಮಾಜದಲ್ಲೂ ಆಳನ್ನು ಬೇಡಿದರು. ವಿಜ್ಞಾನದಲ್ಲಿ ನಾವು ಬಳಸುವ ಹೋಲಿಕೆಗಳನ್ನು ಎಚ್ಚರಿಕೆಯಿಂದ ಆರಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಹಸಿರು ಹುಳುವೂ ಒಂದು ಲೆಕ್ಕವೂ

ಹಸಿರು ಪ್ರಾಣಿ ಕೇವಲ ಕನಸಲ್ಲ. ಫ್ರಾನ್ಸಿನ ರಾಸ್ಕಾಫ್ ಕಡಲತೀರದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಒಂದು ಹಸಿರು ಹುಳುವಿದೆ. ನೀರಿನ ಇಳಿತದ ಹೊತ್ತಿಗೆ ಲಕ್ಷಗಟ್ಟಲೆ ಹುಳುಗಳು ಮರಳಿನಿಂದ ಮೇಲೆದ್ದು ಬಿಸಿಲು ಕಾಯಿಸುತ್ತವೆ. ಬ್ರಿಟನ್ನಿನ ಫ್ರೆಡರಿಕ್ ಕೀಬಲ್ ಈ ಹುಳುವನ್ನು ಅಭ್ಯಾಸ ಮಾಡಿ 1910ರಲ್ಲಿ ಸಸ್ಯ-ಪ್ರಾಣಿಗಳ ಬಗ್ಗೆ ಒಂದು ಸೊಗಸಾದ ಪುಸ್ತಕ ಬರೆದರು. ಬೆಳೆದ ಹುಳು ಏನನ್ನೂ ತಿನ್ನುವುದಿಲ್ಲ. ಅದರ ಮೈಯೊಳಗಿನ ಪಾಚಿಯೇ ಅದಕ್ಕೆ ಅನ್ನದಾತ. ಆದರೆ ತಾಯಿಯಿಂದ ಮೊಟ್ಟೆಗೆ ಪಾಚಿ ಬರುವುದಿಲ್ಲ. ಪ್ರತಿ ಮರಿಯೂ ಸಮುದ್ರದಿಂದ ಹೊಸದಾಗಿ ತನ್ನ ಪಾಚಿಯನ್ನು ಪಡೆದುಕೊಳ್ಳಬೇಕು. ಸಿಗದಿದ್ದರೆ ಅದಕ್ಕೆ ಬಾಳಿಲ್ಲ.

ಹುಳುವಿಗೆ ಸಾಧ್ಯವಾದದ್ದು ಮನುಷ್ಯನಿಗೇಕೆ ಸಾಧ್ಯವಿಲ್ಲ? ಪೆನ್ಸಿಲ್ ತೆಗೆದುಕೊಳ್ಳಿ, ನಾವೇ ಒಂದು ಲೆಕ್ಕ ಮಾಡೋಣ.

ನಮ್ಮ ನಾಡಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ದಿನಕ್ಕೆ ಸರಾಸರಿ ಸುಮಾರು 5 ಯೂನಿಟ್‌ನಷ್ಟು ಸೌರಶಕ್ತಿ ಬೀಳುತ್ತದೆ. ಯೂನಿಟ್ ಎಂದರೆ ನಿಮ್ಮ ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಒಂದು ಯೂನಿಟ್ ಎಂದರೆ ಸುಮಾರು 860 ಕಿಲೋ ಕ್ಯಾಲೊರಿ. ವಯಸ್ಕ ಮನುಷ್ಯನ ಚರ್ಮದ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. ಒಮ್ಮೆಗೆ ಅದರ ಅರ್ಧ ಮಾತ್ರ ಬಿಸಿಲಿಗೆ ಒಡ್ಡಬಹುದು, ಎಂದರೆ 0.85 ಚದರ ಮೀಟರ್. ಬೆಳಗಿನಿಂದ ಸಂಜೆಯವರೆಗೆ ಬಟ್ಟೆಯಿಲ್ಲದೆ ಬಿಸಿಲಿನಲ್ಲಿ ಮಲಗಿದರೆ ಮೈಮೇಲೆ ಬೀಳುವ ಶಕ್ತಿ ಸುಮಾರು 3,650 ಕಿಲೋ ಕ್ಯಾಲೊರಿ. ಹೊಲದ ಪೈರು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಆಹಾರವಾಗಿ ಕೂಡಿಡುವುದು ಶೇಕಡಾ 1ರ ಆಸುಪಾಸು. ಹಾಗಾದರೆ ನಮ್ಮ ಹಸಿರು ಮನುಷ್ಯನ ದಿನದ ಸಂಪಾದನೆ ಸುಮಾರು 36 ಕಿಲೋ ಕ್ಯಾಲೊರಿ. ಒಂದು ಸಣ್ಣ ಇಡ್ಲಿ!

ಅವನಿಗೆ ದಿನಕ್ಕೆ ಬೇಕಾಗುವುದು 2,000 ಕಿಲೋ ಕ್ಯಾಲೊರಿಗಳಷ್ಟು. ಅದನ್ನು ಬಿಸಿಲಿನಿಂದಲೇ ಗಳಿಸಬೇಕಾದರೆ ಸುಮಾರು 46 ಚದರ ಮೀಟರ್ ಎಲೆ ಹರಡಿಕೊಳ್ಳಬೇಕು. ನಗರದ 20-30 ಅಳತೆಯ ಸೈಟಿಗಿಂತ ಸ್ವಲ್ಪ ಕಡಿಮೆ. ಅಷ್ಟು ಎಲೆ ಹೊತ್ತು ಯಾರೂ ಬಸ್ಸು ಹತ್ತಲಾರರು, ಕ್ರಿಕೆಟ್ ಆಡಲಾರರು. ಒಂದೆಡೆ ನಿಲ್ಲಬೇಕು, ಬೇರು ಬಿಡಬೇಕು, ಮರವಾಗಬೇಕು. ಮರ ನಿಂತಲ್ಲೇ ನಿಲ್ಲುವುದು ಸೋಮಾರಿತನದಿಂದಲ್ಲ, ಅದರ ಆದಾಯಕ್ಕೆ ತಕ್ಕ ಜೀವನ ಅದು. ರಾಸ್ಕಾಫಿನ ಹುಳು ತೀರ ಸಣ್ಣದು, ಚಪ್ಪಟೆಯಾದದ್ದು. ಅದರ ತೂಕಕ್ಕೆ ಹೋಲಿಸಿದರೆ ಮೈ ಹರಹು ಬಹಳ, ಖರ್ಚು ಕಡಿಮೆ. ಆದ್ದರಿಂದ ಅದಕ್ಕೆ ಬಿಸಿಲಿನ ಆದಾಯ ಸಾಲುತ್ತದೆ.

ಒಳ್ಳೆಯ ಲೇಖಕರು ಈ ಮಿತಿಯನ್ನು ಮರೆಯಲಿಲ್ಲ. ತತ್ವಶಾಸ್ತ್ರ ಓದಿದ್ದ ಬ್ರಿಟಿಷ್ ಲೇಖಕ ಓಲಾಫ್ ಸ್ಟೇಪಲ್ಡನ್ 1937ರ 'ಸ್ಟಾರ್ ಮೇಕರ್' ಕೃತಿಯಲ್ಲಿ ಸಸ್ಯ-ಮಾನವರನ್ನು ಚಿತ್ರಿಸಿದರು. ಪ್ರಖರ ಸೂರ್ಯನಿಗೆ ಹತ್ತಿರವಿರುವ ಗ್ರಹದಲ್ಲಿ ಹಗಲು ಅವರು ಬೇರೂರಿ ಧ್ಯಾನದಲ್ಲಿದ್ದಂತೆ ಬಿಸಿಲು ಕುಡಿಯುತ್ತಾರೆ, ರಾತ್ರಿ ಓಡಾಡಿ ಕೆಲಸ ಮಾಡುತ್ತಾರೆ. ಈ ಎರಡು ಸ್ವಭಾವಗಳ ಸಮತೋಲ ತಪ್ಪಿದಾಗ ಅವರ ನಾಗರಿಕತೆ ಅಳಿಯುತ್ತದೆ.

ಗಿಡಕ್ಕೆ ಮಾತು ಬಂದಾಗ

ಜೊತೆಗಾರಿಕೆ ಬೇಕಾದರೆ ಎದುರಿಗಿರುವವನು ಜೀವಂತನೆಂಬ ಭಾವನೆ ಬರಬೇಕು. ಗಿಡದ ವಿಷಯದಲ್ಲಿ ಆ ಭಾವನೆಯನ್ನು ತಂದ ಎರಡು ಸಾಧನಗಳನ್ನು ನೆನೆಯಬೇಕು.

ಒಂದು ಕ್ಯಾಮೆರಾ. 1910ರಲ್ಲಿ ಬ್ರಿಟನ್ನಿನ ಪರ್ಸಿ ಸ್ಮಿತ್ ಹೂವು ಅರಳುವುದನ್ನು ಬಿಟ್ಟು ಬಿಟ್ಟು ಚಿತ್ರಿಸಿ, ದಿನಗಳ ಚಲನೆಯನ್ನು ಕ್ಷಣಗಳಲ್ಲಿ ತೋರಿಸಿದರು. ದೃಶ್ಯ ಮಾಧ್ಯಮದಲ್ಲಿ ದುಡಿಯುವ ನಮ್ಮಂಥವರಿಗೆ ಇದು ಇಂದು ಸಾಮಾನ್ಯ ತಂತ್ರ. ಅಂದಿನ ಪ್ರೇಕ್ಷಕರಿಗೆ ಗಿಡವೂ ಮೈಮುರಿದು ಏಳುತ್ತದೆ, ತಡಕಾಡುತ್ತದೆ ಎಂಬುದನ್ನು ಕಣ್ಣಾರೆ ಕಂಡ ಬೆರಗು.

ಇನ್ನೊಂದು ನಮ್ಮವರೇ ಆದ ಜಗದೀಶ ಚಂದ್ರ ಬೋಸರ ಉಪಕರಣಗಳು. ಭೌತವಿಜ್ಞಾನಿಯಾಗಿದ್ದ ಬೋಸರು 1896ರಲ್ಲಿ ಬಂಗಾಳಿಯಲ್ಲಿ ಒಂದು ಕಥೆ ಬರೆದು ಬಹುಮಾನ ಪಡೆದಿದ್ದರು. ತಲೆಗೆ ಹಚ್ಚುವ ಎಣ್ಣೆ ಚಂಡಮಾರುತವನ್ನು ತಣಿಸುವ ಆ ಕಥೆ ಭಾರತೀಯ ಭಾಷೆಗಳ ಮೊದಮೊದಲ ವಿಜ್ಞಾನ ಕಥೆಗಳಲ್ಲಿ ಒಂದು. ಹೊಸ ಶತಮಾನ ಆರಂಭವಾದಾಗ ಅವರು ಸಸ್ಯಗಳತ್ತ ತಿರುಗಿದರು. ಮುಟ್ಟಿದರೆ ಮುನಿಯಂತಹ ಗಿಡಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆದರು. ಗಿಡದ ಬೆಳವಣಿಗೆಯನ್ನು ಸಾವಿರಾರು ಪಟ್ಟು ಹಿಗ್ಗಿಸಿ ತೋರಿಸುವ ಕ್ರೆಸ್ಕೋಗ್ರಾಫ್ ಯಂತ್ರವನ್ನು ರಚಿಸಿದರು. 1917ರಲ್ಲಿ ಕೊಲ್ಕತ್ತದಲ್ಲಿ ಬೋಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಎಲ್ಲ ತೀರ್ಮಾನಗಳನ್ನೂ ವಿಜ್ಞಾನಿಗಳು ಒಪ್ಪಲಿಲ್ಲ. ಗಿಡಗಳಲ್ಲಿ ವಿದ್ಯುತ್ ಸಂಕೇತಗಳು ಇವೆಯೆಂಬುದು ಮಾತ್ರ ಈಗ ನಿರ್ವಿವಾದ. ಗಿಡ ಪ್ರತಿಕ್ರಿಯಿಸುತ್ತದೆ ಎಂದಾದ ಮೇಲೆ ಅದರೊಡನೆ ಮಾತುಕತೆ, ಒಪ್ಪಂದ, ಜಗಳಗಳನ್ನು ಕಲ್ಪಿಸುವುದು ಕಥೆಗಾರನಿಗೆ ಸುಲಭವಾಯಿತು.

ಯುದ್ಧದ ನಂತರದ ಮೂರು ಕೃತಿಗಳು

ಎರಡನೆಯ ಮಹಾಯುದ್ಧದ ನಂತರ ಬಂದ ಮೂರು ಕಾದಂಬರಿಗಳು ನಮ್ಮ ಪ್ರಶ್ನೆಗೆ ಮೂರು ಉತ್ತರ ಕೊಡುತ್ತವೆ.

ಜಾನ್ ವಿಂಡಮ್ ಅವರ 'ದಿ ಡೇ ಆಫ್ ದಿ ಟ್ರಿಫಿಡ್ಸ್' 1951ರಲ್ಲಿ ಪ್ರಕಟವಾಯಿತು. ನಡೆದಾಡುವ, ವಿಷದ ಚಾಟಿ ಬೀಸುವ ಟ್ರಿಫಿಡ್ ಗಿಡಗಳನ್ನು ಮನುಷ್ಯರೇ ತೋಟಗಳಲ್ಲಿ ಬೆಳೆಸುತ್ತಾರೆ. ಅವುಗಳಿಂದ ಒಳ್ಳೆಯ ಎಣ್ಣೆ ಸಿಗುತ್ತದೆ. ಒಂದು ರಾತ್ರಿ ಆಕಾಶದಲ್ಲಿ ಕಂಡ ವಿಚಿತ್ರ ಹಸಿರು ಬೆಳಕನ್ನು ನೋಡಿದವರೆಲ್ಲ ಕುರುಡಾಗುತ್ತಾರೆ. ಮರುದಿನದಿಂದ ಆಳುಗಳಾಗಿದ್ದ ಗಿಡಗಳು ಬೇಟೆಗಾರರಾಗುತ್ತವೆ. ಒಡೆಯನ ಬಲವೆಲ್ಲ ಒಂದು ಜೊತೆ ಕಣ್ಣಿನ ಮೇಲೆ ನಿಂತಿತ್ತೆಂಬುದು ಅಂದು ತಿಳಿಯುತ್ತದೆ.

ಬ್ರಯನ್ ಆಲ್ಡಿಸ್ ಯುದ್ಧಕಾಲದಲ್ಲಿ ಸೈನಿಕರಾಗಿ ಭಾರತಕ್ಕೂ ಬರ್ಮಾಕ್ಕೂ ಬಂದಿದ್ದವರು. 1962ರ ಅವರ 'ಹಾಟ್‌ಹೌಸ್' ಕಾದಂಬರಿಯಲ್ಲಿ ದೂರದ ಭವಿಷ್ಯದ ಭೂಮಿ ತಿರುಗುವುದನ್ನು ನಿಲ್ಲಿಸಿದೆ. ಹಗಲಿನ ಭಾಗದ ಖಂಡವನ್ನೆಲ್ಲ ಒಂದೇ ಆಲದ ಮರ ಬಿಳಲು ಬಿಟ್ಟು ಆವರಿಸಿಕೊಂಡಿದೆ. ಕೆಂಗೇರಿಯ ಬಳಿಯ ದೊಡ್ಡ ಆಲದ ಮರವನ್ನೋ ಕೊಲ್ಕತ್ತದ ಸಸ್ಯೋದ್ಯಾನದ ಮಹಾ ಆಲವನ್ನೋ ಕಂಡವರಿಗೆ ಈ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಆ ಕಾಡಿನಲ್ಲಿ ಗ್ರೆನ್ ಎಂಬ ಹುಡುಗನ ತಲೆಗೆ ಒಂದು ಅಣಬೆ ಅಂಟಿಕೊಳ್ಳುತ್ತದೆ. ಅದು ಅವನಿಗೆ ಬುದ್ಧಿ ಕೊಡುತ್ತದೆ, ಹಳೆಯ ನೆನಪುಗಳನ್ನು ಕೆದಕುತ್ತದೆ, ಕ್ರಮೇಣ ಅವನ ಇಚ್ಛೆಯನ್ನೇ ಕಸಿಯುತ್ತದೆ. ಮನುಷ್ಯನ ಬುದ್ಧಿ ಮೊದಲಿನಿಂದಲೂ ಅಂತಹ ಅಣಬೆಯ ಕೊಡುಗೆಯೇ ಆಗಿತ್ತೆಂದು ಕಾದಂಬರಿ ಹೇಳುತ್ತದೆ. ಇಲ್ಲಿ ಆಳು ಯಾರು, ಒಡೆಯ ಯಾರು ಎಂದು ಹೇಳುವುದೇ ಕಷ್ಟ. (ಅಣಬೆಯನ್ನು ವಿಜ್ಞಾನ ಇಂದು ಸಸ್ಯವೆಂದು ಪರಿಗಣಿಸುವುದಿಲ್ಲ. ಆ ಕಾಲದ ಪುಸ್ತಕಗಳು ಸಾಮಾನ್ಯವಾಗಿ ಪರಿಗಣಿಸುತ್ತಿದ್ದವು.)

ಅಮೆರಿಕದ ಪತ್ರಕರ್ತ ಕ್ಲಿಫರ್ಡ್ ಸಿಮಾಕ್ ಅವರ 'ಆಲ್ ಫ್ಲೆಶ್ ಈಸ್ ಗ್ರಾಸ್' 1965ರದು. ಬೇರೊಂದು ಲೋಕದ ನೇರಳೆ ಹೂಗಳು ಒಂದು ಸಣ್ಣ ಊರಿನ ಮನುಷ್ಯರೊಡನೆ ಪಾಲುದಾರಿಕೆ ಬಯಸುತ್ತವೆ. ಅವುಗಳ ಬಳಿ ಅಪಾರ ಜ್ಞಾನವಿದೆ, ಕೈಗಳಿಲ್ಲ. ನಮಗೆ ಕೈಗಳಿವೆ. ಆದರೆ ಅವುಗಳನ್ನು ನಂಬುವುದು ಹೇಗೆ? ಕಾದಂಬರಿಯ ತುಂಬ ಈ ಅಳುಕೇ ಇದೆ. ಹೂವನ್ನು ಅದರ ಚೆಲುವಿಗಾಗಿಯೇ ಪ್ರೀತಿಸಿ ಬೆಳೆಸುವ ಮನುಷ್ಯನ ಗುಣವೇ ಕೊನೆಗೆ ಎರಡೂ ಕಡೆಯವರನ್ನು ಹತ್ತಿರ ತರುತ್ತದೆ.

ಒಪ್ಪಂದದ ಕಾಲ

1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್, ಹಲವು ಪತ್ರಿಕೆಗಳು ಹಿಂದಿರುಗಿಸಿದ್ದ ತಮ್ಮ ಪ್ರಬಂಧವನ್ನು ಕೊನೆಗೂ ಪ್ರಕಟಿಸಿದರು. ಎಲೆಯ ಹಸಿರು ಕಣಗಳು, ಅಂದರೆ ಕ್ಲೋರೊಪ್ಲಾಸ್ಟ್‌ಗಳು, ಒಂದು ಕಾಲದ ಸ್ವತಂತ್ರ ಬ್ಯಾಕ್ಟೀರಿಯಾಗಳೆಂಬ ಮೆರೆಷ್ಕೋವ್‌ಸ್ಕಿಯ ವಿಚಾರ ಹೊಸ ಸಾಕ್ಷ್ಯಗಳೊಡನೆ ಮರಳಿ ಬಂತು. ನಮ್ಮ ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೊಕಾಂಡ್ರಿಯಾಗಳೂ ಹಾಗೆಯೇ ಬಂದವು. ಇಂದು ಇದು ನಿಮ್ಮ ಪಠ್ಯಪುಸ್ತಕದಲ್ಲಿದೆ. ಎಂದರೆ ನಾವೂ ಒಂದು ಬಗೆಯ ಕಲ್ಲುಹೂವುಗಳೇ!

ಕಥೆಗಳೂ ಬದಲಾದವು. 2005ರಲ್ಲಿ ಜಾನ್ ಸ್ಕಾಲ್ಜಿ ಪತ್ರಹರಿತ್ತು ತುಂಬಿದ ಹಸಿರು ಚರ್ಮದ ಸೈನಿಕರನ್ನು ಸೃಷ್ಟಿಸಿದರು. ಅಲ್ಲಿ ಹಸಿರು ಮತ್ತೆ ಒಂದು ಸಲಕರಣೆ ಮಾತ್ರ. 2018ರಲ್ಲಿ ಸೂ ಬರ್ಕ್ ಅವರ 'ಸೆಮಿಯೋಸಿಸ್' ಬೇರೆ ದಾರಿ ಹಿಡಿಯಿತು. ಪ್ಯಾಕ್ಸ್ ಎಂಬ ಗ್ರಹಕ್ಕೆ ವಲಸೆ ಹೋದ ಮನುಷ್ಯರು ಎರಡು ಬಳ್ಳಿಗಳ ಹಗೆತನದ ನಡುವೆ ಸಿಕ್ಕಿಕೊಳ್ಳುತ್ತಾರೆ. ಒಂದು ಬಳ್ಳಿ ಹಣ್ಣಿನಲ್ಲಿ ವಿಷ ಬೆರೆಸಿ ಕೊಲ್ಲುತ್ತದೆ. ಮುಂದಿನ ತಲೆಮಾರುಗಳವರು ಬುದ್ಧಿವಂತ ಬಿದಿರೊಂದನ್ನು ಭೇಟಿಯಾಗುತ್ತಾರೆ. ಅದಕ್ಕೆ ನೀರು, ಗೊಬ್ಬರ ಬೇಕು. ಇವರಿಗೆ ಹಣ್ಣು, ಔಷಧಿ ಬೇಕು. ಹಣ್ಣಿನಲ್ಲಿ ರಾಸಾಯನಿಕ ಬೆರೆಸಿ ಇವರ ಮನಸ್ಸನ್ನೇ ತಿರುಗಿಸುವ ಶಕ್ತಿ ಬಿದಿರಿಗಿದೆ. ಆದ್ದರಿಂದ ಬರಿಯ ಪ್ರೀತಿ ಸಾಲದು, ಕರಾರು ಬೇಕು. ಕೊನೆಗೆ ಬಿದಿರು ಆ ಸಮಾಜದ ಒಬ್ಬ ಪ್ರಜೆಯಾಗುತ್ತದೆ. ಹಕ್ಕೂ ಉಂಟು, ಕರ್ತವ್ಯವೂ ಉಂಟು.

ಇದು ಕೇವಲ ಕಾದಂಬರಿಕಾರ್ತಿಯ ಆದರ್ಶವಲ್ಲ. ಸೋಯಾ ಗಿಡದ ಬೇರುಗಂಟುಗಳಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬ್ಯಾಕ್ಟೀರಿಯಾಗಳು ಸಾರಜನಕ ಕೊಡಲಾಗದಂತೆ ಮಾಡಿದಾಗ ಗಿಡ ಆ ಗಂಟುಗಳಿಗೆ ಹೋಗುವ ಆಮ್ಲಜನಕವನ್ನು ತಗ್ಗಿಸಿತು. ಅಲ್ಲಿನ ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಅಷ್ಟಾಗಿ ಹೆಚ್ಚಲಿಲ್ಲ. ಲೆಕ್ಕ ಇಡುವುದು ಪ್ರಕೃತಿಯ ಜೊತೆಗಾರಿಕೆಯಲ್ಲೂ ಇದೆ.

ಪ್ರಯೋಗಾಲಯದ ಹಸಿರು

ಹಸಿರು ಪ್ರಾಣಿಯನ್ನು ಮಾಡುವ ಪ್ರಯತ್ನಗಳು ನಿಂತಿಲ್ಲ. 2011ರಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯಾಗಳನ್ನು ಜೀಬ್ರಾ ಮೀನಿನ ಭ್ರೂಣಕ್ಕೆ ಸೇರಿಸಲಾಯಿತು. ಮೀನು ಸಾಯಲಿಲ್ಲ, ಹಾಗೆಂದು ಬಿಸಿಲಿನಿಂದ ಹೊಟ್ಟೆ ತುಂಬಿಸಿಕೊಳ್ಳಲೂ ಇಲ್ಲ. 2024ರಲ್ಲಿ ಜಪಾನಿನ ವಿಜ್ಞಾನಿಗಳು ಪಾಚಿಯ ಕ್ಲೋರೊಪ್ಲಾಸ್ಟ್‌ಗಳನ್ನು ಹ್ಯಾಮ್‌ಸ್ಟರ್ ಎಂಬ ಇಲಿಯಂತಹ ಪ್ರಾಣಿಯ ಜೀವಕೋಶಗಳಲ್ಲಿ ಇರಿಸಿದರು. ಸುಮಾರು ಎರಡು ದಿನ ಅಲ್ಲಿ ದ್ಯುತಿಸಂಶ್ಲೇಷಣೆಯ ಮೊದಲ ಹಂತಗಳು ನಡೆದವು. ಪ್ರಯೋಗಾಲಯದಲ್ಲಿ ಬೆಳೆಸುವ ಅಂಗಾಂಶಗಳಿಗೆ ಆಮ್ಲಜನಕ ಒದಗಿಸಲು ಇದು ಮುಂದೆ ನೆರವಾಗಬಹುದೆಂಬುದು ಅವರ ಆಶಯ. ನಮ್ಮ ಇಡ್ಲಿಯ ಲೆಕ್ಕವನ್ನು ಮಾತ್ರ ಇವು ಯಾವುವೂ ಬದಲಿಸಿಲ್ಲ.

ಹಾಗಾದರೆ ಈ ಕಥೆಗಳಿಂದ ಪ್ರಯೋಜನವೇನು? ನನ್ನ ಉತ್ತರ ಇದು. ಮನುಷ್ಯ ಈಗಾಗಲೇ ಸಸ್ಯಗಳೊಡನೆ ಸಹಜೀವನ ನಡೆಸುತ್ತಿದ್ದಾನೆ. ಆ 46 ಚದರ ಮೀಟರ್ ಎಲೆಗಳು ನಮ್ಮ ಮೈಮೇಲೆ ಇಲ್ಲ, ಯಾವುದೋ ಊರಿನ ಹೊಲದಲ್ಲಿವೆ. ಅವುಗಳಿಗೆ ನೀರು ಹಾಯಿಸುವವರು, ಕಳೆ ಕೀಳುವವರು ಬೇರೆ ಯಾರೋ. ಕಣ್ಣಿಗೆ ಕಾಣದ್ದನ್ನು ಆಳೆಂದು ಭಾವಿಸುವುದು ಸುಲಭ. ಮೆರೆಷ್ಕೋವ್‌ಸ್ಕಿಯ ಸ್ವರ್ಗದಲ್ಲಿ ಆದದ್ದು ಅದೇ. ಕಥೆ ಆ ಎಲೆಗಳನ್ನು ನಮ್ಮ ಚರ್ಮದ ಮೇಲೆ ತಂದಿಟ್ಟು, ನೀನು ಇವುಗಳಿಗೆ ಏನು ಕೊಡುತ್ತೀಯೆ ಎಂದು ಕೇಳುತ್ತದೆ.

ನಮ್ಮ ರಾಗಿ ಹೊಲಗಳಲ್ಲಿ ಈ ಪ್ರಶ್ನೆಗೆ ಹಳೆಯದೊಂದು ಉತ್ತರವಿದೆ. ರಾಗಿಯ ನಡುನಡುವೆ ರೈತರು ಅವರೆ, ತೊಗರಿಗಳ ಅಕ್ಕಡಿ ಸಾಲು ಬಿಡುತ್ತಾರೆ. ಕಾಳಿನ ಗಿಡಗಳ ಬೇರುಗಂಟುಗಳಲ್ಲಿ ಸಾರಜನಕ ಸಿದ್ಧವಾಗುತ್ತದೆ, ಉದುರಿದ ಎಲೆಯೂ ಉಳಿದ ಬೇರೂ ಮಣ್ಣಿಗೆ ಸೇರುತ್ತವೆ. ಮಣ್ಣಿನಿಂದ ಪಡೆದದ್ದರಲ್ಲಿ ಒಂದಿಷ್ಟನ್ನು ಮಣ್ಣಿಗೆ ಹಿಂದಿರುಗಿಸುವ ಏರ್ಪಾಡು ಇದು. ಆಳಿಗೆ ಯಾರೂ ಹೀಗೆ ಹಿಂದಿರುಗಿಸುವುದಿಲ್ಲ, ಜೊತೆಗಾರನಿಗೆ ಹಿಂದಿರುಗಿಸುತ್ತಾರೆ.

ಕಲ್ಲುಹೂವಿನ ಕಥೆಯೂ ಮುಗಿದಿಲ್ಲ. 2016ರಲ್ಲಿ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಮೂರನೆಯ ಜೀವಿಯೊಂದು, ಒಂದು ಬಗೆಯ ಯೀಸ್ಟ್, ಇರುವುದು ತಿಳಿದುಬಂತು. ಒಡೆಯ ಮತ್ತು ಆಳು ಎಂದು ಇಬ್ಬರನ್ನೇ ಎಣಿಸಿದ್ದ ಶ್ವೆಂಡೆನರ್ ಅವರಿಗೆ ಈ ಮೂರನೆಯವರು ಯಾರೆಂದು ಹೇಳುವುದು ಕಷ್ಟವಾಗುತ್ತಿತ್ತು. ಮುಂದಿನ ಸಲ ಮನೆಯಲ್ಲಿ ಮಸಾಲೆ ಹುರಿಯುವಾಗ ಒಂದು ಚೂರು ಕಲ್ಲುಹೂವನ್ನು ಎತ್ತಿಟ್ಟುಕೊಳ್ಳಿ. ನೀರಿನಲ್ಲಿ ನೆನೆಸಿ ತೆಳುವಾಗಿ ಕೊಯ್ದು, ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ. ಬಿಳಿಯ ಎಳೆಗಳ ನಡುವೆ ಹಸಿರು ಚುಕ್ಕೆಗಳು ಕಾಣುತ್ತವೆ. ಅವು ಸೆರೆಯಲ್ಲಿವೆಯೋ, ಮನೆಯಲ್ಲಿವೆಯೋ, ನೀವೇ ತೀರ್ಮಾನಿಸಿ.